ಏಸಿಗೆ ಎಎಂಸಿ, ವೆಬ್‌ಸೈಟಿಗೆ ದೇವರೇ ಗತಿ

ದುಬೈಯಲ್ಲಿ ಸಣ್ಣ ಅಂಗಡಿ ತೆರೆದವರೂ ಏಸಿಗೆ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು, ಮಾಡಿಸದೆ ಬಿಡುವುದಿಲ್ಲ. ವೆಬ್‌ಸೈಟನ್ನು ಮಾತ್ರ ಒಮ್ಮೆ ಕಟ್ಟಿಸಿ, ಬಿಲ್ ಚುಕ್ತಾ ಮಾಡಿ ಮರೆತುಬಿಡುತ್ತಾರೆ. ಕಟ್ಟಿಕೊಟ್ಟ ಹುಡುಗ ಅಷ್ಟರಲ್ಲಿ ಅಬುಧಾಬಿಯ ಬೇರೊಂದು ಕಂಪನಿ ಸೇರಿರುತ್ತಾನೆ, ಇಲ್ಲವೇ ವೀಸಾ ಮುಗಿಸಿ ಮಂಗಳೂರಿನ ವಿಮಾನ ಹತ್ತಿರುತ್ತಾನೆ. ಸೈಟ್ ಹಳೆಯ ಜೆಕ್ವೆರಿ, ಹಳೆಯ ಲೋಡ್ಯಾಶ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನು ಹೊತ್ತುಕೊಂಡೇ ನಡೆಯುತ್ತಿರುತ್ತದೆ.

‘ಪ್ರೋಟೋಟೈಪ್ ಪೊಲ್ಯೂಷನ್’ ಎಂಬ ದೋಷ ಅಡಗಿರುವುದು ಇಂಥ ಕಡೆಯೇ. ಜಾವಾಸ್ಕ್ರಿಪ್ಟ್‌ನ ಆಬ್ಜೆಕ್ಟ್ ತನ್ನಲ್ಲಿಲ್ಲದ್ದನ್ನು ತನ್ನ ಪ್ರೋಟೋಟೈಪ್‌ನಲ್ಲಿ ಹುಡುಕುತ್ತದೆ. ಹೆಚ್ಚುಕಡಿಮೆ ಎಲ್ಲ ಆಬ್ಜೆಕ್ಟ್‌ಗಳಿಗೂ ಕಟ್ಟಕಡೆಯ ಪ್ರೋಟೋಟೈಪ್ ಒಂದೇ. ಕಟ್ಟಡದ ತಾರಸಿಯ ಟ್ಯಾಂಕಿಗೆ ಏನೋ ಬೆರೆತರೆ ಎಲ್ಲ ಫ್ಲ್ಯಾಟಿನ ನಲ್ಲಿಯಲ್ಲೂ ಅದೇ ನೀರು ತಾನೇ? ಬೆರೆಸಲು ಮಹಾ ವಿದ್ಯೆಯೇನೂ ಬೇಡ. ಫಾರ್ಮ್ ತುಂಬಿ ಕಳಿಸುವ ಜೇಸನ್‌ನಲ್ಲಿ ಹೆಸರು, ಫೋನ್ ನಂಬರಿನ ಕೆಳಗೆ ‘__ಪ್ರೋಟೋ__’ ಎಂಬ ಕೀ ಇಟ್ಟು, ಒಳಗೆ ‘ಈಸ್‌ಅಡ್ಮಿನ್: ಟ್ರೂ’ ಎಂದು ಬರೆದರೆ, ಆಬ್ಜೆಕ್ಟ್‌ಗಳನ್ನು ಒಂದಾಗಿಸುವ ಎಚ್ಚರವಿಲ್ಲದ ಮರ್ಜ್ ಫಂಕ್ಷನ್ ಅದನ್ನೂ ನುಂಗಿಕೊಳ್ಳುತ್ತದೆ. ಆ ಒಂದನ್ನೇ ನೋಡಿ ಒಳಬಿಡುವ ಕೋಡ್ ಆಗಿದ್ದರೆ, ಆಮೇಲೆ ಬಂದವರೆಲ್ಲ ಅಡ್ಮಿನ್‌ಗಳೇ.

ಭದ್ರತಾ ಸಂಶೋಧಕ ಒಲಿವಿಯೆ ಆರ್ಟೊ 2018ರಲ್ಲಿ ಮಾಂಟ್ರಿಯಲ್‌ನಲ್ಲಿ ಇದನ್ನು ಬಿಡಿಸಿ ತೋರಿಸಿದ್ದರು. 2019ರ ಏಪ್ರಿಲ್‌ನಲ್ಲಿ ಜೆಕ್ವೆರಿ 3.4.0, ಜುಲೈನಲ್ಲಿ ಲೋಡ್ಯಾಶ್ 4.17.12 ಈ ತೂತು ಮುಚ್ಚಿಕೊಂಡು ಬಂದವು. ಅದೇ ವರ್ಷ, ಡೇಟಾವನ್ನು ಚಿತ್ರವಾಗಿ ತೋರಿಸುವ ಕಿಬಾನಾ ಎಂಬ ತಂತ್ರಾಂಶದಲ್ಲಿ ಇದೇ ದಾರಿಯಿಂದ ಇಡೀ ಸರ್ವರನ್ನೇ ವಶಕ್ಕೆ ಪಡೆಯಬಹುದೆಂದು ಗೊತ್ತಾಯಿತು. ಕಳೆದುಹೋದ ಕಥೆ ಎನ್ನುವಂತೆಯೂ ಇಲ್ಲ. 2025ರ ಡಿಸೆಂಬರ್ 3ರಂದು, ಎಮಿರೇಟ್ಸ್‌ನ ರಾಷ್ಟ್ರೀಯ ದಿನದ ಮರುದಿನವೇ, ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಸರ್ವರ್ ಕಾಂಪೊನೆಂಟ್‌ಗಳಲ್ಲಿ ಹತ್ತಕ್ಕೆ ಹತ್ತು ತೀವ್ರತೆಯ ದೋಷವೊಂದು ಬಯಲಾಯಿತು. ಅದು ಪೊಲ್ಯೂಷನ್ ಅಲ್ಲ, ಆದರೆ ಹತ್ತಿರದ ನೆಂಟ: ಕೇಳಿದ ಕೀ ಆಬ್ಜೆಕ್ಟ್‌ನದೋ, ಅದರ ಪ್ರೋಟೋಟೈಪ್‌ನದೋ ಎಂದು ಅಲ್ಲೂ ಯಾರೂ ವಿಚಾರಿಸಿರಲಿಲ್ಲ.

ಇಂಥ ದೋಷ ಕಂಡವರು ಮಾಲೀಕರಿಗೆ ಹೇಳಲಿ ಅಂದರೆ, ಎಮಿರೇಟ್ಸ್‌ನಲ್ಲಿ ಅದು ಸುಲಭವಲ್ಲ. 2022ರ ಜನವರಿ 2ರಿಂದ ಜಾರಿಯಲ್ಲಿರುವ ಸೈಬರ್ ಅಪರಾಧ ಕಾನೂನಿನಂತೆ ಪರರ ವೆಬ್‌ಸೈಟಿಗೆ ನುಗ್ಗುವುದೇ ಅಪರಾಧ. ಜೈಲು, 1 ಲಕ್ಷದಿಂದ 3 ಲಕ್ಷ ದಿರ್ಹಂ ದಂಡ, ಅಥವಾ ಎರಡೂ. ಕಾನೂನು ಕಠಿಣವಾಗಿರುವುದು ಸರಿಯೇ. ಆದರೆ ಕೆಲಸದ ಮೇಲೆ ವೀಸಾ ನಿಂತಿರುವ ಯಾವ ಕನ್ನಡಿಗ ಎಂಜಿನಿಯರ್ ತಾನಾಗಿ ಹೋಗಿ ‘ನಿಮ್ಮ ಸೈಟಿನಲ್ಲಿ ತೂತಿದೆ’ ಎಂದಾನು? ಇಲ್ಲಿನ ಸರ್ಕಾರದ ಸೈಬರ್ ಸೆಕ್ಯುರಿಟಿ ಕೌನ್ಸಿಲ್ 2021ರಲ್ಲಿ, ದೋಷ ಹುಡುಕಿದವರಿಗೆ ಬಹುಮಾನ ಕೊಡುವ ರಾಷ್ಟ್ರೀಯ ಬಗ್ ಬೌಂಟಿ ಘೋಷಿಸಿತು, ಒಳ್ಳೆಯದೇ. ಆದರೆ ದುಬೈಯ ಕರಾಮದ ಟ್ರಾವೆಲ್ಸ್ ಅಂಗಡಿಯ ಬುಕಿಂಗ್ ಪುಟವನ್ನು ಅದು ಬಂದು ನೋಡುವುದಿಲ್ಲ. ಆ ಪುಟದಲ್ಲೇ ಇರುತ್ತವೆ ನಮ್ಮವರ ಪಾಸ್‌ಪೋರ್ಟ್ ಪ್ರತಿಗಳು.

ಹಾಗಾಗಿ ನೋಡಿಕೊಳ್ಳಬೇಕಾದವರು ಮಾಲೀಕರೇ. ಸೈಟಿನ ಕರಾರಿಗೆ ಸಹಿ ಹಾಕುವಾಗ, ಬಳಸಿದ ಲೈಬ್ರರಿಗಳ ಪಟ್ಟಿ ಮತ್ತು ವರ್ಷಪೂರ್ತಿ ಅವುಗಳನ್ನು ಅಪ್‌ಡೇಟ್ ಮಾಡುವವರು ಯಾರು ಎಂಬ ಸಾಲನ್ನು ಬರೆಸಿಕೊಳ್ಳಲಿ. ಅದಕ್ಕೆ ಬೇರೆಯಾಗಿ ದುಡ್ಡು ಕೇಳಿದರೆ, ಚೌಕಾಸಿ ಮಾಡಿಯಾದರೂ ಕೊಡಲಿ.