ಪ್ರಯೋಗವೇ ಹಿಂಸೆಯೆ?

ರೋಗಿಗಳ ಮೇಲೆ ಪ್ರಯೋಗ ನಡೆಸುವುದು ಹಿಂಸೆ. ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು ನಿರ್ದಯತೆ ಎಂದು ನಮ್ಮಲ್ಲಿ ಅನೇಕ ಸಜ್ಜನರು ವಾದಿಸುತ್ತಾರೆ. ಅವರ ಕರುಣೆ ಗೌರವಾರ್ಹ. ವಾದವನ್ನು ಮಾತ್ರ ಒಪ್ಪಲಾರೆ.

ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಕ್ರಮದಂತೆ, ಸ್ತನ ಕ್ಯಾನ್ಸರಿಗೆ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಕತ್ತರಿಸಿ ತೆಗೆಯುತ್ತಿದ್ದರು. ಎದೆ ಗುಳಿಬೀಳುತ್ತಿತ್ತು, ಎಷ್ಟೋ ಹೆಂಗಸರಿಗೆ ತೋಳು ಬಾತು ಜೀವನಪರ್ಯಂತ ಭಾರವಾಗುತ್ತಿತ್ತು. ಸುಮಾರು ಮುಕ್ಕಾಲು ಶತಮಾನ ಇದೇ ಪ್ರಮಾಣವಾಗಿತ್ತು. ಇಷ್ಟೊಂದು ಅಂಗಚ್ಛೇದ ಅಗತ್ಯವೇ ಎಂದು ತೂಗಿ ನೋಡಿದವರು ವಿರಳ.

1971ರಲ್ಲಿ ಬರ್ನಾರ್ಡ್ ಫಿಷರ್ ಆರಂಭಿಸಿದ ಪ್ರಯೋಗದಲ್ಲಿ 1,665 ಮಹಿಳೆಯರಿದ್ದರು. 25 ವರ್ಷಗಳ ಫಲಿತಾಂಶ 2002ರಲ್ಲಿ ಹೊರಬಂತು: ಸ್ತನವನ್ನಷ್ಟೇ ತೆಗೆಸಿಕೊಂಡವರಿಗಿಂತ ಸರ್ವವನ್ನೂ ಕಳೆದುಕೊಂಡವರು ಹೆಚ್ಚು ಕಾಲ ಬದುಕಿರಲಿಲ್ಲ. ಇಟಲಿಯ ಮಿಲಾನಿನಲ್ಲಿ ಉಂಬೆರ್ಟೊ ವೆರೊನೇಸಿ 701 ಮಹಿಳೆಯರಲ್ಲಿ ನಡೆಸಿದ ಹೋಲಿಕೆಯ ಫಲ 1981ರಲ್ಲಿ ಪ್ರಕಟವಾಯಿತು. ಗಡ್ಡೆ ಚಿಕ್ಕದಿದ್ದಲ್ಲಿ ಸ್ತನದ ಒಂದು ಭಾಗ ತೆಗೆದು ವಿಕಿರಣ ನೀಡಿದರೂ ಆಯುಷ್ಯ ಕುಂದದು.

ಹಾಗಾದರೆ ಹಿಂಸೆ ಯಾವುದರಲ್ಲಿತ್ತು? ಸಂಶಯವನ್ನು ಒಪ್ಪಿಕೊಂಡು ಅಳೆದು ನೋಡಿದುದರಲ್ಲೋ, ನಿಶ್ಚಯದ ಗರ್ವದಲ್ಲಿ ಕತ್ತರಿಸುತ್ತ ಬಂದುದರಲ್ಲೋ? ಫಿಷರರ ಮುಂದಿನ ಪ್ರಯೋಗಕ್ಕೆ ರೋಗಿಗಳನ್ನು ಸೇರಿಸಲು ಅನೇಕ ವೈದ್ಯರೇ ಹಿಂಜರಿದರು. “ಯಾವುದು ಮೇಲೆಂದು ನನಗೆ ತಿಳಿಯದು” ಎಂದು ರೋಗಿಯ ಮುಂದೆ ನುಡಿಯುವುದು ಅವರಿಗೆ ಅಷ್ಟು ಕಷ್ಟವಾಗಿತ್ತು! (ಸರ್ವಜ್ಞರಲ್ಲದವರಿಗೆ ಆ ಮಾತು ಇಷ್ಟೇಕೆ ಭಾರವೋ.)

ಆಸ್ಪತ್ರೆಗಳಿಗೆ ದಾನ ನೀಡುವ ಟ್ರಸ್ಟುಗಳು ಪ್ರಯೋಗ ಬೇಡವೆಂದು ಷರತ್ತು ಹಾಕುವ ಮೊದಲು, ಒಪ್ಪಿಗೆಪತ್ರ ರೋಗಿಗೆ ತಿಳಿಯುವ ಕನ್ನಡದಲ್ಲಿದೆಯೇ, ನಡುವೆ ಹೊರಬರಲು ಆಕೆಗೆ ಸ್ವಾತಂತ್ರ್ಯವಿದೆಯೇ, ಹಾನಿಯಾದರೆ ಹೊಣೆ ಯಾರದೆಂದು ವಿಚಾರಿಸಲಿ.