ಕೂದಲಿಗೊಂದು ತಿಂಗಳ ಚಂದಾ

ಭರ್ತೃಹರಿಯ ನೀತಿಶತಕದಲ್ಲಿ ಒಬ್ಬ ಬೋಳುತಲೆಯವನ ಪ್ರಸಂಗವಿದೆ. ನೆತ್ತಿ ಬಿಸಿಲಿಗೆ ಸುಡತೊಡಗಿದಾಗ ಆತ ನೆರಳನ್ನರಸಿ ಮರವೊಂದರ ಬುಡಕ್ಕೆ ಓಡುತ್ತಾನೆ. ಅದೇ ಕ್ಷಣಕ್ಕೆ ಮೇಲಿನಿಂದ ದೊಡ್ಡ ಹಣ್ಣೊಂದು ಬಿದ್ದು ಅವನ ತಲೆ ಒಡೆಯುತ್ತದೆ. ಭಾಗ್ಯಹೀನನು ಹೋದೆಡೆಗೆಲ್ಲ ಆಪತ್ತೂ ಹಿಂಬಾಲಿಸುತ್ತದೆ ಎಂಬುದಕ್ಕೆ ಕವಿ ಇದನ್ನು ದೃಷ್ಟಾಂತವಾಗಿ ಕೊಟ್ಟಿದ್ದಾನೆ. ಇಂದಿನ ಬೋಳುತಲೆಯವನಾದರೋ ದೈವವನ್ನು ದೂರಬೇಕಾಗಿಲ್ಲ. ನೆರಳಿಗೆ ಹೋಗುವ ಮುನ್ನ ಒಮ್ಮೆ ಕತ್ತೆತ್ತಿ, ಮರ ಯಾವುದೆಂದು ನೋಡಿಕೊಂಡರೆ ಸಾಕು.

ಆ ಮರ ಈಗ ಅಂಗೈಯಲ್ಲೇ ಬೆಳೆದು ನಿಂತಿದೆ. ಮೊಬೈಲ್ ಫೋನಿನಲ್ಲಿ ಹತ್ತು ಹನ್ನೆರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟು, ನೆತ್ತಿಯ ಒಂದೆರಡು ಚಿತ್ರ ಕಳುಹಿಸಿ, ಹಣ ಕಟ್ಟಿದರೆ ತಿಂಗಳು ತಿಂಗಳೂ ಮದ್ದಿನ ಪೆಟ್ಟಿಗೆ ಮನೆಬಾಗಿಲಿಗೆ ಬರುತ್ತದೆ. ಅಮೆರಿಕದಲ್ಲಿ 2017ರಲ್ಲಿ ಆರಂಭವಾದ ಹಿಮ್ಸ್ ಸಂಸ್ಥೆ ಈ ಪದ್ಧತಿಗೆ ಹೆಸರು ತಂದಿತು. ಭಾರತದಲ್ಲಿ ತ್ರಯಾ, ಮ್ಯಾನ್ ಮ್ಯಾಟರ್ಸ್ ಮೊದಲಾದ ಸಂಸ್ಥೆಗಳು ಇದೇ ವ್ಯವಹಾರದಲ್ಲಿವೆ. ವಾರಪತ್ರಿಕೆಗೆ ಚಂದಾ ಕಟ್ಟುವಂತೆ ಈಗ ಕೂದಲಿಗೂ ಚಂದಾ ಕಟ್ಟುವ ಕಾಲ.

ಕೋಲಾರ ತಾಲ್ಲೂಕಿನ ವೇಮಗಲ್ಲನ್ನೇ ತೆಗೆದುಕೊಳ್ಳೋಣ. ರೇಷ್ಮೆ, ಟೊಮೇಟೊ, ಹಾಲುಗಳನ್ನು ನಂಬಿದ್ದ ಈ ಹೋಬಳಿಯ ಸುತ್ತ ಇಂದು ಕೈಗಾರಿಕಾ ಪ್ರದೇಶ ಎದ್ದಿದೆ. ಪಾಳಿ ಮುಗಿಸಿ ಬಂದ ಇಪ್ಪತ್ತಾರರ ತರುಣ ಹೆಲ್ಮೆಟ್ಟನ್ನು ತೆಗೆದು, ಅದರೊಳಗೆ ಅಂಟಿದ ಕೂದಲನ್ನು ಎಣಿಸುವುದುಂಟು. ಮನೆಯಲ್ಲಿ ಹೆಣ್ಣು ನೋಡುವ ಮಾತು ಆರಂಭವಾಗಿರುತ್ತದೆ. ತಂದೆಯೊಡನೆ ಹೇಳಿಕೊಳ್ಳಲು ಸಂಕೋಚ. ಗೆಳೆಯರೊಡನೆ ಹೇಳಿದರೆ ನಗೆಪಾಟಲು. ಹಿಂದಿನವರಿಗಾದರೆ ಪೇಟ, ರುಮಾಲು, ಟೋಪಿಗಳ ಆಸರೆಯಿತ್ತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ಪೇಟವಿಲ್ಲದೆ ಊಹಿಸಿಕೊಳ್ಳುವುದೇ ಕಷ್ಟ. ಇಂದಿನ ತರುಣನಿಗೆ ಆ ಮರೆಯೂ ಇಲ್ಲ. ರಾತ್ರಿ ಹನ್ನೊಂದು ಗಂಟೆಗೆ, ಯಾರಿಗೂ ತಿಳಿಯದಂತೆ, ಒಂದು ಬೆರಳಿನಲ್ಲಿ ಚಂದಾದಾರನಾಗುವುದು ಅವನಿಗೆ ಬಲು ಸುಲಭ. ಸುಲಭವಾದುದೆಲ್ಲ ಸರಳವಲ್ಲ ಎಂಬುದೇ ಇಲ್ಲಿ ಹೇಳಬೇಕಾದ ಮಾತು.

ಕೂದಲಿನ ಮದ್ದು ಅಂಚೆಯಲ್ಲಿ ಬರುವುದು ಹೊಸದೇನೂ ಅಲ್ಲ. ಒಂದು ಕಾಲಕ್ಕೆ ಪತ್ರಿಕೆಗಳ ಕೊನೆಯ ಪುಟಗಳ ಜಾಹೀರಾತು ನೋಡಿ ವಿ. ಪಿ. ಪಿ. ಮೂಲಕ ತೈಲದ ಶೀಸೆ ತರಿಸುತ್ತಿದ್ದರು. ಈ ಆಸೆಯ ವ್ಯಾಪಾರವನ್ನು ಸರ್ಕಾರವೂ ಬಲ್ಲುದು. 1945ರ ಔಷಧ ನಿಯಮಗಳಿಗೆ ಸೇರಿದ ‘ಜೆ’ ಅನುಸೂಚಿಯಲ್ಲಿ, ಗುಣಪಡಿಸುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ವ್ಯಾಧಿಗಳ ಪಟ್ಟಿಯಿದೆ. ಬೋಳುತಲೆ ಆ ಪಟ್ಟಿಯಲ್ಲಿ ಸೇರಿದೆ. ಆದುದರಿಂದ ‘ಖಂಡಿತ ಗುಣ’ ಎಂದು ಸಾರುವ ಪೆಟ್ಟಿಗೆಯನ್ನು ಅಲ್ಲಿಗೇ ಬಿಟ್ಟುಬಿಡುವುದು ಲೇಸು.

ಕೋಲಾರದ ಕಡೆ ಕೂದಲುದುರಿದರೆ ಮೊದಲು ಬೈಗುಳ ತಿನ್ನುವುದು ಕೊಳವೆಬಾವಿ, ಅನಂತರ ಹೆಲ್ಮೆಟ್ಟು. ಗಡಸು ನೀರಿನಿಂದ ಕೂದಲು ಒರಟಾಗಬಹುದು ನಿಜ. ಆದರೆ ಗಂಡಸರ ಹಣೆಯ ಎರಡು ಬದಿಗಳಿಂದಲೂ ನೆತ್ತಿಯ ನಡುವಿನಿಂದಲೂ ಕ್ರಮವಾಗಿ ಹಿಂದೆ ಸರಿಯುವ ಬೋಳು ನೀರಿನಿಂದ ಬಂದದ್ದಲ್ಲ. ಅದು ವಂಶದಿಂದ ಬಂದದ್ದು. ಎಳವೆಯಲ್ಲೇ ವೃಷಣ ಕಳೆದುಕೊಂಡವರಿಗೆ ಈ ಬಗೆಯ ಬೋಳು ಬರುವುದಿಲ್ಲವೆಂದು ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿಜ್ಞಾನಿ 1942ರಲ್ಲಿ ತೋರಿಸಿದನು. ಪುರುಷ ಹಾರ್ಮೋನಿನಿಂದ ದೇಹದೊಳಗೆ ತಯಾರಾಗುವ ಡಿ. ಎಚ್. ಟಿ. ಎಂಬ ರಸಕ್ಕೆ ಕೆಲವರ ಕೂದಲ ಬೇರುಗಳು ಹುಟ್ಟಿನಿಂದಲೇ ಸೋಲುತ್ತವೆ. ವರ್ಷ ವರ್ಷಕ್ಕೆ ಸಣ್ಣಗಾಗುತ್ತ ಕೊನೆಗೆ ನವಿರಾಗಿ ಉಳಿಯುತ್ತವೆ.

ಇದಕ್ಕೆ ಚೆನ್ನಾಗಿ ಪರೀಕ್ಷಿತವಾದ ಮುಖ್ಯ ಮದ್ದುಗಳು ಎರಡು. ಅವೆರಡೂ ಬೇರೊಂದು ರೋಗದ ಮನೆಯಿಂದ ಬಂದವು ಎಂಬುದು ಸ್ವಾರಸ್ಯ. ಮಿನಾಕ್ಸಿಡಿಲ್ ಮೊದಲಿಗೆ ರಕ್ತದೊತ್ತಡದ ಮಾತ್ರೆ. ಅದನ್ನು ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆಯುವುದನ್ನು ಕಂಡು ತಲೆಗೆ ಹಚ್ಚುವ ದ್ರವವನ್ನು ಮಾಡಿದರು. 1988ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು. ಫಿನಾಸ್ಟರೈಡ್ ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆಂದು 1992ರಲ್ಲಿ ಬಂದು, 1997ರಲ್ಲಿ 1 ಮಿಲಿಗ್ರಾಂ ಮಾತ್ರೆಯಾಗಿ ಕೂದಲಿಗೂ ಒಪ್ಪಿಗೆ ಪಡೆಯಿತು. ಡಿ. ಎಚ್. ಟಿ. ತಯಾರಾಗುವುದನ್ನು ತಗ್ಗಿಸುವುದು ಅದರ ಕೆಲಸ. ಚಂದಾ ಪೆಟ್ಟಿಗೆಯ ಹೊರಗೆ ಯಾವ ಹೆಸರೇ ಇರಲಿ, ಒಳಗೆ ಬೋಳಿಗೆ ನಿಜವಾಗಿ ನಾಟುವ ವಸ್ತುವಿದ್ದರೆ ಸಾಮಾನ್ಯವಾಗಿ ಅದು ಈ ಎರಡರಲ್ಲೊಂದು.

ಈ ಮದ್ದುಗಳ ಸ್ವಭಾವವನ್ನು ತಿಳಿಯದೆ ಚಂದಾದಾರನಾಗುವುದೆಂದರೆ ಬಡ್ಡಿ ಕೇಳದೆ ಸಾಲಪತ್ರಕ್ಕೆ ರುಜು ಹಾಕಿದಂತೆ. ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಕೂದಲು ಇನ್ನಷ್ಟು ಉದುರುವುದುಂಟು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಹಳೆಯ ಬಯಲಿನಲ್ಲಿ ಕಾಡು ಬೆಳೆಯುವುದು ಅಪರೂಪ. ಉಳಿದುದನ್ನು ಉಳಿಸಿಕೊಳ್ಳುವುದೇ ದೊಡ್ಡ ಲಾಭ. ನಿಲ್ಲಿಸಿದರೆ ಗಳಿಸಿದ್ದೆಲ್ಲ ಸುಮಾರು ಒಂದು ವರ್ಷದೊಳಗೆ ಕೈಬಿಡುತ್ತದೆ. ಆದುದರಿಂದ ‘ಮೂರು ತಿಂಗಳ ಕೋರ್ಸು’ ಎಂಬ ಮಾತು ಬೆಳೆದ ಹುಡುಗನಿಗೆ ಒಂದು ವಾರದ ಊಟ ಕೊಡುತ್ತೇವೆಂದಂತೆ. ಹಣ ಹೊಂದಿಸುವಾಗ ಒಂದು ತಿಂಗಳ ಬೆಲೆಯನ್ನಲ್ಲ, ಹತ್ತು ವರ್ಷಗಳ ಬೆಲೆಯನ್ನು ಲೆಕ್ಕ ಹಾಕಬೇಕು.

ಹಣಕ್ಕಿಂತ ದೊಡ್ಡ ಲೆಕ್ಕವೂ ಒಂದಿದೆ. ಫಿನಾಸ್ಟರೈಡ್ ನುಂಗುವವರಲ್ಲಿ ಕೆಲವರಿಗೆ, ಬಹುಮಂದಿಗಲ್ಲ, ದಾಂಪತ್ಯದ ಆಸಕ್ತಿಯೂ ಶಕ್ತಿಯೂ ಕುಂದುತ್ತವೆ. ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಈ ಮಾತ್ರೆಯಿಂದ ಆತ್ಮಹತ್ಯೆಯ ಯೋಚನೆಗಳು ಬರಬಹುದೆಂದು ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಸುರಕ್ಷತಾ ಸಮಿತಿ 2025ರ ಮೇ ತಿಂಗಳಲ್ಲಿ ಖಚಿತಪಡಿಸಿತು. ಅದಕ್ಕೆ ಹಿಂದಿನ ತಿಂಗಳಷ್ಟೇ ಅಮೆರಿಕದ ನಿಯಂತ್ರಕರು, ದೂರದಿಂದಲೇ ವೈದ್ಯ ನಡೆಸುವ ಸಂಸ್ಥೆಗಳ ಮೂಲಕ ಮಾರಾಟವಾಗುವ, ತಲೆಗೆ ಹಚ್ಚುವ ಫಿನಾಸ್ಟರೈಡ್ ಮಿಶ್ರಣಗಳ ಬಗ್ಗೆ ಎಚ್ಚರಿಕೆ ನೀಡಿದ್ದರು. ಹಚ್ಚುವ ಮದ್ದಾದರೆ ಮೈಗೆ ಸೇರದೆಂಬ ನಂಬಿಕೆ ಅಲ್ಲಿಗೆ ಸಡಿಲಿತು. ಗರ್ಭಿಣಿಯರು ಒಡೆದ ಫಿನಾಸ್ಟರೈಡ್ ಮಾತ್ರೆಯನ್ನು ಮುಟ್ಟಬಾರದು. ಪ್ರಾಸ್ಟೇಟಿನ ರಕ್ತಪರೀಕ್ಷೆಯ ಅಂಕಿಯನ್ನು ಈ ಮದ್ದು ಸುಮಾರು ಅರ್ಧಕ್ಕೆ ಇಳಿಸುವುದರಿಂದ ಅದನ್ನು ಪರೀಕ್ಷಿಸುವ ವೈದ್ಯರಿಗೂ ಮೊದಲೇ ತಿಳಿಸಿರಬೇಕು. ಇಷ್ಟೆಲ್ಲ ಇರುವ ಮಾತ್ರೆಯನ್ನು ಹೆಂಡತಿಗೂ ಹೇಳದೆ ಕಪಾಟಿನ ಹಿಂದೆ ಬಚ್ಚಿಟ್ಟು ನುಂಗುವುದು ವಿವೇಕವಲ್ಲ. ಗಂಡನ ಮುಖ ಬಾಡಿದ್ದರ ಕಾರಣ ಮನೆಯವರಿಗೆ ಹೊಳೆಯುವುದಾದರೂ ಹೇಗೆ?

ಇನ್ನು ಆಯ್ಕೆಯ ವಿಷಯ. ಮೊದಲ ಪ್ರಶ್ನೆ ‘ಯಾವ ಸಂಸ್ಥೆ?’ ಎಂಬುದಲ್ಲ, ‘ಇದು ಯಾವ ಉದುರು?’ ಎಂಬುದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವಿಷಮಶೀತಜ್ವರವೋ ಡೆಂಗೆಯೋ ಬಂದು ಹೋದ ಎರಡು ಮೂರು ತಿಂಗಳಿಗೆ ಕೈತುಂಬ ಉದುರಿದರೂ ಅದು ತಾನಾಗಿ ಮರಳುತ್ತದೆ. ದುಂಡಗೆ ತೇಪೆ ತೇಪೆಯಾಗಿ ಹೋದರೆ ಅದರ ದಾರಿ ಬೇರೆ; ಹುಳುಕಡ್ಡಿಗೆ ಚಿಕಿತ್ಸೆ ಬೇರೆ; ಥೈರಾಯ್ಡ್ ದೋಷಕ್ಕೂ ಕಬ್ಬಿಣದ ಕೊರತೆಗೂ ಬೇರೆ. ಇವನ್ನು ಬಿಡಿಸಿ ಹೇಳಬಲ್ಲವನು ವೈದ್ಯ; ಪ್ರಶ್ನಾವಳಿಯಲ್ಲ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಈ ವಿಚಾರದಲ್ಲಿ ಸ್ಪಷ್ಟವಾಗಿದೆ: ಯಂತ್ರಬುದ್ಧಿ ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಮದ್ದು ಬರೆಯುವಂತಿಲ್ಲ, ಬರೆಯುವವನು ನೋಂದಾಯಿತ ವೈದ್ಯನೇ ಆಗಿರಬೇಕು, ಚೀಟಿಯಲ್ಲಿ ಅವನ ನೋಂದಣಿ ಸಂಖ್ಯೆ ಇರಬೇಕು. ಹಣ ಕಟ್ಟುವ ಮುನ್ನ ಆ ಹೆಸರನ್ನೂ ಸಂಖ್ಯೆಯನ್ನೂ ಕೇಳಿ ನೋಡಿರಿ. ‘ನಮ್ಮ ತಜ್ಞರ ತಂಡ’ ಎಂಬ ಉತ್ತರ ಬಂದರೆ ಅದು ಉತ್ತರವಲ್ಲ.

ಎರಡನೆಯದು, ಪೆಟ್ಟಿಗೆಯ ಒಳಗೇನಿದೆ ಎಂಬುದು. ಪ್ರತಿಯೊಂದು ವಸ್ತುವಿನ ಹೆಸರು, ಪ್ರಮಾಣ, ಬೆಲೆಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಎರಡು ಮದ್ದುಗಳ ಜೊತೆಗೆ ಶಾಂಪೂ, ತೈಲ, ವಿಟಮಿನ್ ಮಿಠಾಯಿಗಳು ಸೇರಿ ಬಿಲ್ಲು ಉಬ್ಬುವುದು ಸಾಮಾನ್ಯ. ಬಯೊಟಿನ್ ಎಂಬ ವಿಟಮಿನ್ ಅದರ ಕೊರತೆಯಿದ್ದವರಿಗೆ ಮಾತ್ರ ಉಪಯುಕ್ತ. ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಥೈರಾಯ್ಡ್ ಮತ್ತು ಹೃದಯದ ಕೆಲವು ರಕ್ತಪರೀಕ್ಷೆಗಳ ಫಲವನ್ನು ಅದು ತಪ್ಪಾಗಿ ತೋರಿಸಬಲ್ಲುದು. ಗರುಗದ ಸೊಪ್ಪು, ನೆಲ್ಲಿಕಾಯಿ, ದಾಸವಾಳಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಅಜ್ಜಿಯರು ಹಚ್ಚುತ್ತಿದ್ದುದು ಕೂದಲಿಗೆ ಹೊಳಪು ಕೊಡುತ್ತದೆ, ತಲೆಗೆ ತಂಪು ಕೊಡುತ್ತದೆ. ಅದನ್ನೇ ಸುಂದರವಾದ ಶೀಸೆಯಲ್ಲಿ ತುಂಬಿದ ಮಾತ್ರಕ್ಕೆ ವಂಶದ ಬೋಳು ಹಿಂದಿರುಗಿ ಹೋಗುವುದಿಲ್ಲ.

ಮೂರನೆಯದು, ಹೊರಬರುವ ಬಾಗಿಲು. ಯುಪಿಐ ಮೂಲಕವೋ ಕಾರ್ಡಿನ ಮೂಲಕವೋ ತಾನಾಗಿ ಹಣ ಹೋಗುವಂತೆ ಒಪ್ಪಿಗೆ ಕೊಟ್ಟ ಮೇಲೆ, ಪೆಟ್ಟಿಗೆ ಬೇಡವಾದರೂ ಹಣ ಹೋಗುತ್ತಲೇ ಇರುವುದುಂಟು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂಥ ‘ಚಂದಾ ಬಲೆ’ಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ನಿಷಿದ್ಧವಾದ ಹದಿಮೂರು ಮೋಸದ ವಿನ್ಯಾಸಗಳೊಳಗೆ ಎಣಿಸಿದೆ. ‘ಇನ್ನು ಹತ್ತೇ ನಿಮಿಷ ಈ ಬೆಲೆ’ ಎಂದು ಅವಸರಪಡಿಸುವ ಸುಳ್ಳೂ ಅದರಲ್ಲಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೂ ದೂರು ಕೊಡುವುದಕ್ಕಿಂತ, ರದ್ದುಮಾಡುವ ಕ್ರಮವನ್ನು ಸೇರುವ ದಿನವೇ ಓದಿಕೊಳ್ಳುವುದು ಜಾಣತನ.

ಇಷ್ಟಾದ ಮೇಲೆ ಒಂದು ಸರಳವಾದ ದಾರಿಯೂ ಕಾಣುತ್ತದೆ. ವೇಮಗಲ್ಲಿನಿಂದ ಕೋಲಾರ ದೂರವೇನಲ್ಲ. ಅಲ್ಲಿ ಎಸ್. ಎನ್. ಆರ್. ಜಿಲ್ಲಾ ಆಸ್ಪತ್ರೆಯಿದೆ, ಪಕ್ಕದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಒಂದು ರಜೆಯ ಹೊತ್ತು ಕಳೆದು ಚರ್ಮವೈದ್ಯರಿಗೆ ತಲೆ ತೋರಿಸಿ ಚೀಟಿ ಪಡೆದರೆ, ಪೆಟ್ಟಿಗೆಯಲ್ಲಿ ಬರುವ ಮದ್ದೇ ಊರಿನ ಔಷಧಿ ಅಂಗಡಿಯಲ್ಲಿ ಬಿಡಿಯಾಗಿ ದೊರೆಯುತ್ತದೆ. ಬೇಡವಾದ ತಿಂಗಳು ಕೊಳ್ಳದಿದ್ದರೆ ಮುಗಿಯಿತು, ಯಾರನ್ನೂ ರದ್ದುಮಾಡಿಸಬೇಕಾಗಿಲ್ಲ. ಪಾಳಿಯ ಕೆಲಸದಿಂದ ಆಸ್ಪತ್ರೆಗೆ ಹೋಗಲಾರದವನಿಗೆ ಆನ್‌ಲೈನ್ ಸೇವೆ ಉಪಕಾರಿಯೇ ಸರಿ. ವೈದ್ಯನ ಮುಖ ತೋರಿಸಿ, ಅಪಾಯವನ್ನು ಮುಚ್ಚಿಡದೆ ಹೇಳಿ, ಆರು ತಿಂಗಳಿಗೊಮ್ಮೆ ಮತ್ತೆ ವಿಚಾರಿಸುವ ಸಂಸ್ಥೆಯಾದರೆ ಅದನ್ನು ನೆಚ್ಚಬಹುದು.

ಏನನ್ನೂ ಮಾಡದಿರುವುದೂ ಒಂದು ಆಯ್ಕೆ ಎಂಬುದನ್ನು ಯಾವ ಪೆಟ್ಟಿಗೆಯ ಮೇಲೂ ಅಚ್ಚು ಹಾಕುವುದಿಲ್ಲ. ಕೋಲಾರ, ಮುಳಬಾಗಿಲುಗಳ ಮೇಲೆ ಹಾದು ತಿರುಪತಿಗೆ ಹೋಗುವ ಬಸ್ಸುಗಳಲ್ಲಿ ದಿನವೂ ಎಷ್ಟೋ ಮಂದಿ ತಲೆತುಂಬ ಕೂದಲು ಹೊತ್ತು ಹೋಗಿ, ನುಣ್ಣನೆಯ ತಲೆಯಲ್ಲಿ ನಗುತ್ತ ಮರಳುತ್ತಾರೆ. ತಾನಾಗಿ ಕೊಟ್ಟ ಕೂದಲಿಗೆ ಯಾರೂ ಅಳುವುದಿಲ್ಲ. ತರುಣನ ಅಳಲಿಗೆ ಅರ್ಧ ಕಾರಣ ಕನ್ನಡಿಯಾದರೆ, ಉಳಿದರ್ಧ ಸುತ್ತಲಿನವರ ನಾಲಗೆ. ಹುಡುಗನ ಹಣೆಯನ್ನು ನೋಡಿ ವಯಸ್ಸು ಅಳೆಯುವ ಬಂಧುಗಳು ಒಂದು ಮಾತನ್ನು ನುಂಗಿಕೊಂಡರೆ, ಅವನು ನುಂಗಬೇಕಾದ ಮಾತ್ರೆಯ ವಿಚಾರವನ್ನು ನಿಧಾನವಾಗಿ, ಹಗಲಿನಲ್ಲಿ, ವೈದ್ಯರ ಎದುರಿಗೆ ಕುಳಿತು ನಿರ್ಧರಿಸಬಲ್ಲನು.