ಹೆಪ್ಪನ್ನೇ ಅರಸಿ ಹೋಗುವ ಔಷಧ: ಹೋಬಳಿಗೆ ಎಂದು ಬಂದೀತು?

2025ರ ಮೇ-ಜೂನ್ ತಿಂಗಳುಗಳಲ್ಲಿ, ಸುಮಾರು 40 ದಿನಗಳೊಳಗೆ, ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತನೆ ಮೃತಪಟ್ಟ ಸುದ್ದಿ ರಾಜ್ಯವನ್ನೇ ಕಳವಳಕ್ಕೀಡುಮಾಡಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯು ಅಸಹಜ ಏರಿಕೆ ಕಂಡುಬಂದಿಲ್ಲವೆಂದು ವರದಿ ನೀಡಿತು. ಆತಂಕವೇನೋ ತಗ್ಗಿತು. ಆದರೆ ಹಳೇಕೋಟೆಯಂತಹ ಹೋಬಳಿಯಲ್ಲಿ ನಡುರಾತ್ರಿ ಎದೆನೋವು ಬಂದವರು ಎಷ್ಟು ಹೊತ್ತಿಗೆ ಆಸ್ಪತ್ರೆ ಸೇರುವರೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಹೃದಯದ ರಕ್ತನಾಳದಲ್ಲಿನ ಹೆಪ್ಪನ್ನು ಕರಗಿಸುವ ಔಷಧ ಹೊಸದಲ್ಲ. ಸ್ಟ್ರೆಪ್ಟೋಕೈನೇಸ್‌ನ ಪ್ರಯೋಜನವನ್ನು 1986ರಲ್ಲೇ ಇಟಲಿಯ ಬೃಹತ್ ಅಧ್ಯಯನವೊಂದು ಸ್ಥಿರಪಡಿಸಿತ್ತು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತಿದೆ. ತೊಡಕೆಂದರೆ, ಈ ಔಷಧಗಳು ಹೆಪ್ಪಿನ ಬಳಿಗಷ್ಟೇ ಹೋಗದೆ ರಕ್ತದೊಡನೆ ದೇಹವೆಲ್ಲ ಸುತ್ತುತ್ತವೆ. ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಹೃದ್ರೋಗ ತಜ್ಞರು ಹತ್ತಿರವಿಲ್ಲದ ವೈದ್ಯರು ಹಿಂಜರಿದರೆ ಆಶ್ಚರ್ಯವಿಲ್ಲ.

ನ್ಯಾನೋ ವಾಹಕಗಳ ಮಹತ್ವವಿರುವುದು ಇಲ್ಲಿಯೇ. 2012ರಲ್ಲಿ ಹಾರ್ವರ್ಡ್‌ನ ವೀಸ್ ಸಂಸ್ಥೆಯ ತಂಡವು ಔಷಧ ಲೇಪಿಸಿದ ನ್ಯಾನೋ ಕಣಗಳನ್ನು ಸೂಕ್ಷ್ಮ ಉಂಡೆಗಳನ್ನಾಗಿ ಕಟ್ಟಿತು. ನಾಳ ಕಿರಿದಾದೆಡೆ ರಕ್ತದ ಸೆಳೆತ ಹೆಚ್ಚುತ್ತದೆ. ತೂಬಿನ ನೀರು ಕಂಡ ಹೇಮಾವತಿ ನಾಲೆಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಆ ಸೆಳೆತಕ್ಕೆ ಉಂಡೆ ಒಡೆದು, ಕಣಗಳು ಹೆಪ್ಪಿಗೆ ಅಂಟಿಕೊಳ್ಳುತ್ತವೆ. ಇಲಿಗಳಲ್ಲಿ ವಾಡಿಕೆಯ ಪ್ರಮಾಣದ ಸಣ್ಣದೊಂದು ಪಾಲೇ ಸಾಕಾಯಿತು. ಆದರೆ ನಾಳ ಪೂರ್ಣ ಮುಚ್ಚಿದಲ್ಲಿ ಹರಿವೂ ಇಲ್ಲ, ಸೆಳೆತವೂ ಇಲ್ಲ; ತೀವ್ರ ಹೃದಯಾಘಾತದಲ್ಲಿ ಸಾಮಾನ್ಯವಾಗಿ ಆಗುವುದು ಇದೇ. ಪತ್ರಿಕಾ ವರದಿಗಳು ಈ ಮಾತನ್ನು ಹೇಳುವುದು ಕಡಿಮೆ.

ಉದ್ಯಮಿಗಳು ಈ ಕ್ಷೇತ್ರವನ್ನು ಗಮನಿಸಬೇಕಾದುದು ಸರಿಯೇ. ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯು ಹೆಪ್ಪಿಗೇ ಗುರಿಯಿಟ್ಟು ರೂಪಿಸಿದ ಸ್ಟ್ರೆಪ್ಟೋಕೈನೇಸ್‌ನ ಪರವಾನಗಿ 2006ರಲ್ಲಿ ಅಮೆರಿಕದ ಕಂಪನಿಯೊಂದಕ್ಕೆ ಹೋಯಿತು. ದೇಶದ ಬಂಡವಾಳಗಾರರು ಅದನ್ನು ಮರೆಯಬಾರದು. ಆದರೂ ಪ್ರತಿ ತಯಾರಿಕೆಯಲ್ಲೂ ಕಣಗಳ ಗಾತ್ರ ಒಂದೇ ಇರುವಂತೆ ನೋಡಿಕೊಳ್ಳುವುದು, ಮಾನವ ಪ್ರಯೋಗಗಳನ್ನು ದಾಟುವುದು ವರ್ಷಗಳ ಕೆಲಸ.

ಅಲ್ಲಿಯವರೆಗೆ ವರ್ತಕರ ದೇಣಿಗೆ ಸೇರಬೇಕಾದುದು ಹೋಬಳಿಯ ಇಸಿಜಿ ಯಂತ್ರಕ್ಕೆ ಮತ್ತು ರಾತ್ರಿ ಓಡುವ ವಾಹನಕ್ಕೆ. ಮಂಡಿ, ಗಿರಣಿಗಳಲ್ಲಿ ಹಮಾಲರಿಗೆ ಎದೆನೋವು ಬಂದಾಗ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಕೂರಿಸುವ ಪದ್ಧತಿಯನ್ನು ಮಾಲೀಕರು ಇಂದೇ ನಿಲ್ಲಿಸಬಹುದು. ಅದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.